ಸಿಸ್-ಯುಎಸ್‌ಬಿ ಏಳದಿದ್ದಾಗ: ಕ್ಯೂಬ್ಸ್ ಓಎಸ್‌ನಲ್ಲಿ ಕಂಟ್ರೋಲರ್ ಪಾಸ್‌ಥ್ರೂ ದೋಷ ಹಿಡಿಯುವ ಬಗೆ

ಕ್ಯೂಬ್ಸ್ ಓಎಸ್ ಕೆಲಸಗಳನ್ನು ಬೇರೆ ಬೇರೆ ವರ್ಚುವಲ್ ಯಂತ್ರಗಳಲ್ಲಿ (ವಿಎಂ) ಬೇರ್ಪಡಿಸಿಡುತ್ತದೆ; ಯುಎಸ್‌ಬಿ ಕಂಟ್ರೋಲರನ್ನು ನೇರವಾಗಿ ‘ಸಿಸ್-ಯುಎಸ್‌ಬಿ’ ಎಂಬ ವಿಎಂಗೆ ಒಪ್ಪಿಸುವುದೇ ಪಾಸ್‌ಥ್ರೂ. ಇಂಥ ಯಂತ್ರದಲ್ಲಿ ಯುಎಸ್‌ಬಿ ಕೈಕೊಟ್ಟರೆ ಬಹಳಷ್ಟು ಜನ ಮೊದಲು ಮಾಡುವ ಕೆಲಸ ಒಂದೇ: ಎಲ್ಲೋ ಓದಿದ ‘ನೋ-ಸ್ಟ್ರಿಕ್ಟ್-ರೀಸೆಟ್’, ‘ಪರ್ಮಿಸಿವ್’ ಎರಡನ್ನೂ ಒಟ್ಟಿಗೆ ಟ್ರೂ ಮಾಡಿ ರೀಬೂಟ್ ಕೊಡುವುದು. ಕೆಲವು ಸಲ ಸರಿಹೋಗುತ್ತದೆ ಕೂಡ. ಆದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ; ಭದ್ರತೆಗೆಂದೇ ಹಾಕಿಕೊಂಡ ವ್ಯವಸ್ಥೆಯಲ್ಲಿ ಬೇಡದ ಒಂದು ಚಿಲಕ ತೆರೆದೇ ಉಳಿಯುತ್ತದೆ. ಈ ಎರಡು ಆಯ್ಕೆಗಳು ಎರಡು ಬೇರೆ ಬೇರೆ ಕಾಯಿಲೆಗಳ ಮದ್ದು. ಉಳಿದ ಹತ್ತು ಕಾಯಿಲೆಗಳಿಗೆ ಅವುಗಳಿಂದ ಏನೂ ಆಗದು.

ಇಲ್ಲಿರುವುದು 4.1 ಮತ್ತು 4.2 ಆವೃತ್ತಿಗಳಿಗೆ ಹೊಂದುವ ವಿವರ. ಆಜ್ಞೆ, ಫೈಲ್ ಹೆಸರು, ದೋಷ ಸಂದೇಶಗಳನ್ನು ಉಚ್ಚಾರದಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು. ಪಿಸಿಐ ವಿಳಾಸದಲ್ಲಿ ಬರುವ ‘1ಎ’, ‘0ಡಿ’ ಮುಂತಾದವು ಹೆಕ್ಸಾಡೆಸಿಮಲ್ ಅಂಕಿಗಳು.

ಕೀಬೋರ್ಡೇ ಸತ್ತಿದ್ದರೆ ಮೊದಲು ಇದು

ಡೆಸ್ಕ್‌ಟಾಪ್‌ನಲ್ಲಿ ಇರುವುದೊಂದೇ ಯುಎಸ್‌ಬಿ ಕೀಬೋರ್ಡ್, ಅದರ ಕಂಟ್ರೋಲರ್ ಹೋಗಿ ಸಿಸ್-ಯುಎಸ್‌ಬಿಗೆ ಸೇರಿದೆ, ಸಿಸ್-ಯುಎಸ್‌ಬಿ ಏಳುತ್ತಿಲ್ಲ. ಈ ಸ್ಥಿತಿಯಲ್ಲಿ ಲಾಗಿನ್ ಆಗುವ ದಾರಿಯೇ ಇಲ್ಲ. ಇನ್ನೂ ಕೆಟ್ಟದ್ದೆಂದರೆ ಡಿಸ್ಕ್ ಪಾಸ್‌ವರ್ಡ್ ಕೇಳುವ ಪರದೆಯಲ್ಲೇ ಕೀಬೋರ್ಡ್ ಸತ್ತಿರುವುದು. ಕರ್ನಲ್ ಸಾಲಿನಲ್ಲಿರುವ ‘ಆರ್‌ಡಿ.ಕ್ಯೂಬ್ಸ್.ಹೈಡ್_ಆಲ್_ಯುಎಸ್‌ಬಿ’ ಎಲ್ಲ ಯುಎಸ್‌ಬಿ ಕಂಟ್ರೋಲರ್‌ಗಳನ್ನೂ ಬೂಟ್‌ನ ಆರಂಭದಲ್ಲೇ ಡಾಮ್0 (ಉಳಿದ ವಿಎಂಗಳನ್ನೆಲ್ಲ ಆಳುವ ಮುಖ್ಯ ಡೊಮೈನ್) ಕಣ್ಣಿಗೆ ಬೀಳದಂತೆ ಮುಚ್ಚಿಡುತ್ತದೆ. ಅದು ಅದರ ಕೆಲಸ, ದೋಷವಲ್ಲ.

ಬೂಟ್ ಆಯ್ಕೆ ತೋರಿಸುವ ಗ್ರಬ್ ಮೆನುವಿನಲ್ಲಿ ಕೀಬೋರ್ಡನ್ನು ನಡೆಸುವುದು ಫರ್ಮ್‌ವೇರ್, ಆದ್ದರಿಂದ ಅಲ್ಲಿ ಅದು ಬದುಕಿರುತ್ತದೆ. ಕ್ಯೂಬ್ಸ್ ಸಾಲಿನ ಮೇಲೆ ನಿಂತು ‘ಇ’ ಕೀಲಿ ಒತ್ತಿ. ‘ಮಾಡ್ಯೂಲ್2’ ಎಂದು ಶುರುವಾಗಿ ‘ವಿಎಂಲಿನಕ್ಸ್’ ಹೆಸರಿರುವ ಸಾಲನ್ನು ಹುಡುಕಿ. ಅದರಲ್ಲಿ ಹೈಡ್_ಆಲ್_ಯುಎಸ್‌ಬಿ ಇದ್ದರೆ ಅಳಿಸಿ, ಸಾಲಿನ ಕೊನೆಗೆ ‘ಕ್ಯೂಬ್ಸ್.ಸ್ಕಿಪ್_ಆಟೋಸ್ಟಾರ್ಟ್’ ಸೇರಿಸಿ, ಎಫ್10 ಒತ್ತಿ ಬೂಟ್ ಮಾಡಿ. ಎರಡೂ ಬೇಕು. ಮೊದಲನೆಯದನ್ನು ಮಾತ್ರ ಅಳಿಸಿದರೆ ಡಿಸ್ಕ್ ಪಾಸ್‌ವರ್ಡ್ ಹೊಡೆಯಬಹುದು, ಆದರೆ ಅಷ್ಟರಲ್ಲೇ ಸಿಸ್-ಯುಎಸ್‌ಬಿ ತಾನಾಗಿ ಏಳಲು ಹೋಗಿ ಕಂಟ್ರೋಲರ್ ಕಿತ್ತುಕೊಳ್ಳುತ್ತದೆ, ಲಾಗಿನ್ ಪರದೆಯಲ್ಲಿ ಮತ್ತೆ ಅದೇ ಗತಿ.

ಇದು ಆ ಒಂದು ಬೂಟ್‌ಗೆ ಮಾತ್ರ. ಒಳಗೆ ಬಂದ ತಕ್ಷಣ ಡಾಮ್0 ಟರ್ಮಿನಲ್‌ನಲ್ಲಿ:

ಕ್ಯೂವಿಎಂ-ಪ್ರೆಫ್ಸ್ ಸಿಸ್-ಯುಎಸ್‌ಬಿ ಆಟೋಸ್ಟಾರ್ಟ್ ಫಾಲ್ಸ್

ದೋಷ ಪೂರ್ತಿ ಬಗೆಹರಿದು, ಸಿಸ್-ಯುಎಸ್‌ಬಿಯನ್ನು ಕೈಯಾರೆ ನಾಲ್ಕು ಸಲ ಎಬ್ಬಿಸಿ ನೋಡುವವರೆಗೆ ಇದನ್ನು ಹಿಂದಿರುಗಿಸಬೇಡಿ. ಹಿಂದಿನಿಂದ ಪಿಎಸ್/2 ಕೀಬೋರ್ಡ್ ಸಿಕ್ಕಿಸುವ ಬೋರ್ಡ್ ಇದ್ದರೆ ಹಳೆಯದೊಂದನ್ನು ಹುಡುಕಿ ಚುಚ್ಚಿಟ್ಟುಕೊಳ್ಳಿ. ಅರ್ಧ ತಲೆನೋವು ಅಲ್ಲೇ ಮುಗಿಯುತ್ತದೆ. ಬಹುತೇಕ ಲ್ಯಾಪ್‌ಟಾಪ್‌ಗಳ ಒಳಗಿನ ಕೀಬೋರ್ಡ್ ಪಿಎಸ್/2 ಮಾದರಿಯದೇ ಆಗಿರುವುದರಿಂದ ಅಲ್ಲಿ ಈ ಸಮಸ್ಯೆ ಬರುವುದು ಅಪರೂಪ.

ಸರಪಳಿಯ ಯಾವ ಕೊಂಡಿ?

ಕಂಟ್ರೋಲರ್ ಅಂದರೆ ಒಂದು ಪಿಸಿಐ ಸಾಧನ. ಅದು ಸಿಸ್-ಯುಎಸ್‌ಬಿಯ ಕೈಗೆ ಸಿಗುವ ಮೊದಲು ಹಲವರ ಕೈದಾಟುತ್ತದೆ: ಬಯಾಸ್‌ನಲ್ಲಿ ಐಓಎಂಎಂಯು (ಸಾಧನಗಳು ಯಾವ ಮೆಮೊರಿ ಮುಟ್ಟಬಹುದೆಂದು ಕಾಯುವ ಯಂತ್ರಾಂಶ) ಚಾಲೂ ಇರಬೇಕು, ವಿಎಂಗಳನ್ನೆಲ್ಲ ಓಡಿಸುವ ಹೈಪರ್‌ವೈಸರ್ ಆದ ಝೆನ್ ಅದನ್ನು ಗುರುತಿಸಬೇಕು, ಡಾಮ್0 ಕರ್ನಲ್‌ನ ಪಿಸಿಐಬ್ಯಾಕ್ ಡ್ರೈವರ್ ಸಾಧನವನ್ನು ಹಿಡಿಯಬೇಕು, ವಿಎಂಗಳನ್ನು ನಿರ್ವಹಿಸುವ ಲಿಬ್‌ವರ್ಟ್ ಅದನ್ನು ರೀಸೆಟ್ ಮಾಡಬೇಕು, ಯಂತ್ರಾಂಶವನ್ನು ಅನುಕರಿಸುವ ಕ್ಯೂಇಎಂಯು ಇರುವ ಸ್ಟಬ್‌ಡೊಮೈನ್ (ಪುಟ್ಟ ಸಹಾಯಕ ವಿಎಂ) ಅದನ್ನು ವಿಎಂ ಮುಂದಿಡಬೇಕು, ಕೊನೆಗೆ ವಿಎಂ ಒಳಗಿನ ಎಕ್ಸ್‌ಎಚ್‌ಸಿಐ (ಯುಎಸ್‌ಬಿ 3 ಕಂಟ್ರೋಲರ್) ಡ್ರೈವರ್ ಅದನ್ನು ಎಬ್ಬಿಸಬೇಕು. ಎಲ್ಲಿ ಮುರಿದರೂ ಬಳಕೆದಾರನಿಗೆ ಕಾಣುವುದು ‘ಸಿಸ್-ಯುಎಸ್‌ಬಿ ಶುರುವಾಗಲಿಲ್ಲ’ ಎಂಬ ಒಂದೇ ಪುಟ್ಟ ಸೂಚನೆ. ಅದನ್ನು ನಂಬಿ ಕೂರಬೇಡಿ. ಟರ್ಮಿನಲ್‌ನಲ್ಲಿ ‘ಕ್ಯೂವಿಎಂ-ಸ್ಟಾರ್ಟ್ ಸಿಸ್-ಯುಎಸ್‌ಬಿ’ ಕೊಟ್ಟು ಪೂರ್ತಿ ಸಂದೇಶ ಓದಿ.

ಸಂದೇಶ ಮುಖ್ಯವಾಗಿ ಮೂರು ಜಾತಿಯದು. ಪಿಸಿಐ, ರೀಸೆಟ್ ಪದಗಳು ಬಂದರೆ ಲಿಬ್‌ವರ್ಟ್ ಮಟ್ಟದಲ್ಲಿ ನಿಂತಿದೆ. ‘ಲಿಬ್‌ಝೆನ್‌ಲೈಟ್ ಫೇಲ್ಡ್ ಟು ಕ್ರಿಯೇಟ್ ನ್ಯೂ ಡೊಮೈನ್’ ಅಂದರೆ ಝೆನ್ ಮಟ್ಟದಲ್ಲಿ. ಆಗ ಡಾಮ್0ದ /ವರ್/ಲಾಗ್/ಲಿಬ್‌ವರ್ಟ್/ಲಿಬ್‌ಎಕ್ಸ್‌ಎಲ್/ಲಿಬ್‌ಎಕ್ಸ್‌ಎಲ್-ಡ್ರೈವರ್.ಲಾಗ್ ಫೈಲಿನ ಕೊನೆಯ ಇಪ್ಪತ್ತು ಸಾಲು ನೋಡಿ. ‘ಕ್ಯಾನಾಟ್ ಕನೆಕ್ಟ್ ಟು ಕ್ಯೂಆರ್‌ಎಕ್ಸೆಕ್ ಏಜೆಂಟ್ ಫಾರ್ 60 ಸೆಕೆಂಡ್ಸ್’ ಅಂದರೆ ಸಾಧನ ಕೈಸೇರಿದೆ, ವಿಎಂ ಕೂಡ ಹುಟ್ಟಿದೆ, ಒಳಗೆ ಎಲ್ಲೋ ಸಿಕ್ಕಿಕೊಂಡಿದೆ. ಇದಕ್ಕೆ /ವರ್/ಲಾಗ್/ಝೆನ್/ಕನ್ಸೋಲ್/ ಫೋಲ್ಡರ್‌ನಲ್ಲಿ ಗೆಸ್ಟ್-ಸಿಸ್-ಯುಎಸ್‌ಬಿ.ಲಾಗ್ ಮತ್ತು ಅದರ ಪಕ್ಕದ ಗೆಸ್ಟ್-ಸಿಸ್-ಯುಎಸ್‌ಬಿ-ಡಿಎಂ.ಲಾಗ್ ನೋಡಬೇಕು. ಹೆಸರಿನ ಕೊನೆಗೆ ‘ಡಿಎಂ’ ಇರುವುದು ಸ್ಟಬ್‌ಡೊಮೈನ್‌ದು. ಹಲವರು ಇದನ್ನು ತೆರೆದೇ ನೋಡುವುದಿಲ್ಲ.

ಬುಡ ಭದ್ರವಿದೆಯೇ ಅಂತ ಒಂದು ನಿಮಿಷದಲ್ಲಿ ತಿಳಿಯಬಹುದು. ‘ಎಕ್ಸ್‌ಎಲ್ ಇನ್ಫೋ’ ಕೊಟ್ಟು ‘ವರ್ಟ್_ಕ್ಯಾಪ್ಸ್’ ಸಾಲಿನಲ್ಲಿ ‘ಎಚ್‌ವಿಎಂ_ಡೈರೆಕ್ಟ್‌ಐಓ’ ಇದೆಯೇ ನೋಡಿ. ಬರೀ ‘ಎಚ್‌ವಿಎಂ’ ಇದ್ದು ಡೈರೆಕ್ಟ್‌ಐಓ ಇಲ್ಲದಿದ್ದರೆ ಐಓಎಂಎಂಯು ಮಲಗಿದೆ. ಬಯಾಸ್‌ನಲ್ಲಿ ಇಂಟೆಲ್ ಆದರೆ ವಿಟಿ-ಡಿ, ಎಎಂಡಿ ಆದರೆ ಐಓಎಂಎಂಯು ಹೆಸರಿನ ಆಯ್ಕೆ ಹುಡುಕಿ ಚಾಲೂ ಮಾಡಿ. ಬಯಾಸ್ ಅಪ್‌ಡೇಟ್ ಆದಮೇಲೆ ಇವು ಮೊದಲಿನ ಸ್ಥಿತಿಗೆ ಮರಳುವುದುಂಟು. ‘ನಿನ್ನೆವರೆಗೆ ಚೆನ್ನಾಗಿತ್ತು’ ಅನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ.

ವಿಳಾಸ ಸರಿಯಿದೆಯೇ?

ಬಯಾಸ್ ಅಪ್‌ಡೇಟ್, ಹೊಸ ಗ್ರಾಫಿಕ್ಸ್ ಕಾರ್ಡ್, ಒಂದು ಎನ್‌ವಿಎಂಇ ಡಿಸ್ಕ್, ಬಯಾಸ್‌ನಲ್ಲಿ ಆಫ್ ಮಾಡಿದ ಆಡಿಯೊ: ಯಾವುದೇ ಕಾರಣಕ್ಕೆ ಪಿಸಿಐ ಬಸ್ ಸಂಖ್ಯೆಗಳು ಜರುಗಬಹುದು. 4.2ರವರೆಗೆ ಕ್ಯೂಬ್ಸ್ ನೆನಪಿಟ್ಟುಕೊಳ್ಳುವುದು ವಿಳಾಸವನ್ನು. ನಿನ್ನೆ 06:00.0 ಆಗಿದ್ದ ಕಂಟ್ರೋಲರ್ ಇಂದು 07:00.0 ಆದರೆ ಸಿಸ್-ಯುಎಸ್‌ಬಿ ಇಲ್ಲದ ಸಾಧನವನ್ನು ಹುಡುಕುತ್ತದೆ, ಇಲ್ಲವೇ ಆ ವಿಳಾಸಕ್ಕೆ ಈಗ ಬಂದು ಕೂತಿರುವ ಬೇರೆಯದನ್ನು ಎತ್ತಿಕೊಂಡು ಹೋಗುತ್ತದೆ. ಡಿಸ್ಕ್ ಕಂಟ್ರೋಲರ್ ಹಾಗೆ ಎತ್ತಿಕೊಂಡು ಹೋದರೆ ಇಡೀ ಯಂತ್ರ ಅಲ್ಲೇ ನಿಲ್ಲುತ್ತದೆ. ಮೇಲೆ ಹೇಳಿದ ಸ್ಕಿಪ್_ಆಟೋಸ್ಟಾರ್ಟ್ ಇಲ್ಲಿಯೂ ಕಾಪಾಡುತ್ತದೆ.

‘ಕ್ಯೂವಿಎಂ-ಪಿಸಿಐ’ ಎಂದಷ್ಟೇ ಕೊಟ್ಟರೆ ಸಾಧನಗಳ ಪಟ್ಟಿ ಬರುತ್ತದೆ. ಇಲ್ಲಿ ವಿಳಾಸವನ್ನು ಡಾಮ್0:00_14.0 ಎಂದು ಬರೆಯುತ್ತಾರೆ, ಕೋಲನ್ ಇರಬೇಕಾದಲ್ಲಿ ಅಡಿಗೆರೆ. ‘ಎಲ್‌ಎಸ್‌ಪಿಸಿಐ’ ತೋರಿಸುವ 00:14.0 ಅನ್ನೇ ನಕಲು ಮಾಡಿ ಅಂಟಿಸಿದರೆ ಸಾಧನ ಇಲ್ಲ ಎನ್ನುತ್ತದೆ. ಸಣ್ಣ ವಿಷಯ, ಆದರೆ ಇದರ ಮೇಲೆ ಗಂಟೆಗಟ್ಟಲೆ ಕಳೆದವರಿದ್ದಾರೆ.

ಯಾವ ವಿಳಾಸ ಏನು ಅನ್ನುವ ಅಂದಾಜೂ ಇರಲಿ. ಇಂಟೆಲ್ ಯಂತ್ರಗಳಲ್ಲಿ ಚಿಪ್‌ಸೆಟ್‌ನ ಎಕ್ಸ್‌ಎಚ್‌ಸಿಐ ಸಾಮಾನ್ಯವಾಗಿ 00:14.0. ಸ್ಕೈಲೇಕ್‌ಗಿಂತ ಹಳೆಯವುಗಳಲ್ಲಿ ಇದರ ಜೊತೆಗೆ 00:1ಎ.0 ಮತ್ತು 00:1ಡಿ.0 ಎಂಬ ಎರಡು ಇಎಚ್‌ಸಿಐ (ಯುಎಸ್‌ಬಿ 2) ಕಂಟ್ರೋಲರ್‌ಗಳಿರುತ್ತವೆ. ಒಂದೇ ಹೊರಗಿನ ಪೋರ್ಟ್ ಒಮ್ಮೆ ಇಎಚ್‌ಸಿಐಗೆ, ಇನ್ನೊಮ್ಮೆ ಎಕ್ಸ್‌ಎಚ್‌ಸಿಐಗೆ ಜೋಡಣೆಯಾಗಬಲ್ಲದು. ಹಾಗಾಗಿ ಒಂದನ್ನು ಡಾಮ್0ದಲ್ಲಿ ಉಳಿಸಿ ಇನ್ನೊಂದನ್ನು ಕೊಡುವ ಲೆಕ್ಕಾಚಾರ ಅಲ್ಲಿ ಕೈಕೊಡುತ್ತದೆ, ಮೂರನ್ನೂ ಒಟ್ಟಿಗೆ ಸಿಸ್-ಯುಎಸ್‌ಬಿಗೆ ಕೊಡುವುದು ಒಳಿತು. ಟೈಗರ್ ಲೇಕ್‌ನಿಂದ ಈಚೆಗೆ ಟೈಪ್-ಸಿ ಪೋರ್ಟ್‌ಗಳು 00:0ಡಿ.0 ಎಂಬ ಇನ್ನೊಂದು ಎಕ್ಸ್‌ಎಚ್‌ಸಿಐಗೆ ಸೇರಿರಬಹುದು. ಪೆನ್‌ಡ್ರೈವ್ ಎಡಗಡೆ ಪೋರ್ಟ್‌ನಲ್ಲಿ ಕಾಣುತ್ತದೆ, ಬಲಗಡೆಯ ಟೈಪ್-ಸಿಯಲ್ಲಿ ಕಾಣುವುದಿಲ್ಲ ಎನ್ನುವ ದೂರುಗಳಲ್ಲಿ ಇದನ್ನೊಮ್ಮೆ ನೋಡಿ.

ಪೋರ್ಟ್ ಯಾವ ಕಂಟ್ರೋಲರ್‌ಗೆ ಸೇರಿದೆ ಎಂದು ಖಚಿತ ಮಾಡಿಕೊಳ್ಳಲು: ಆ ಪೋರ್ಟ್‌ಗೆ ಏನಾದರೂ ಚುಚ್ಚಿ, ‘ಎಲ್‌ಎಸ್‌ಯುಎಸ್‌ಬಿ’ಯಲ್ಲಿ ಬಸ್ ಸಂಖ್ಯೆ ನೋಡಿ. ಬಸ್ 3 ಬಂದರೆ

ರೀಡ್‌ಲಿಂಕ್ /ಸಿಸ್/ಬಸ್/ಯುಎಸ್‌ಬಿ/ಡಿವೈಸಸ್/ಯುಎಸ್‌ಬಿ3

ಎಂದು ಕೊಡಿ, ಉತ್ತರದ ಹಾದಿಯಲ್ಲಿ ‘ಯುಎಸ್‌ಬಿ3’ಕ್ಕೆ ಮುಂಚೆ ಬರುವುದೇ ಕಂಟ್ರೋಲರ್ ವಿಳಾಸ. ಇದನ್ನು ಡಾಮ್0ದಲ್ಲಿ ಓಡಿಸಿದರೆ ನಿಜವಾದ ವಿಳಾಸ ಬರುತ್ತದೆ. ಸಿಸ್-ಯುಎಸ್‌ಬಿ ಒಳಗೆ ಓಡಿಸಿದರೆ 00:06.0, 00:07.0ದಂಥ ಬೇರೆಯೇ ವಿಳಾಸ ಬರುತ್ತದೆ, ಏಕೆಂದರೆ ಅಲ್ಲಿರುವ ಪಿಸಿಐ ಬಸ್ ಕ್ಯೂಇಎಂಯು ಕಟ್ಟಿಕೊಟ್ಟದ್ದು. ಎರಡನ್ನು ಬೆರೆಸಿಕೊಂಡು ಡಾಮ್0ದಲ್ಲಿ 00:06.0 ಹುಡುಕುತ್ತಾ ಕೂತರೆ ಸಿಗುವುದಿಲ್ಲ.

ಕೆಲವು ಹಳೆಯ ಥಂಡರ್‌ಬೋಲ್ಟ್ 3 ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ತರಲೆ: ಟೈಪ್-ಸಿಯಲ್ಲಿ ಏನೂ ಚುಚ್ಚದಿದ್ದರೆ ಅದರ ಕಂಟ್ರೋಲರ್ ಪೂರ್ತಿ ವಿದ್ಯುತ್ ಕಡಿದುಕೊಂಡು ಪಿಸಿಐ ಪಟ್ಟಿಯಿಂದಲೇ ಮಾಯವಾಗುತ್ತದೆ. ಅದನ್ನು ಚುಚ್ಚಿಟ್ಟಾಗ ಜೋಡಿಸಿ, ಮರುದಿನ ಖಾಲಿ ಪೋರ್ಟ್‌ನೊಂದಿಗೆ ಬೂಟ್ ಮಾಡಿದರೆ ಸಿಸ್-ಯುಎಸ್‌ಬಿ ಏಳುವುದಿಲ್ಲ. ಬಯಾಸ್‌ನಲ್ಲಿ ಥಂಡರ್‌ಬೋಲ್ಟ್ ಕಂಟ್ರೋಲರನ್ನು ಸದಾ ಚಾಲೂ ಇಡುವ ಆಯ್ಕೆ ಇದ್ದರೆ ಅದನ್ನು ಬಳಸಿ, ಇಲ್ಲದಿದ್ದರೆ ಆ ಸಾಧನವನ್ನು ಪಟ್ಟಿಯಿಂದ ತೆಗೆಯಿರಿ.

ರೀಸೆಟ್ ಜಗಳ

ಪಾಸ್‌ಥ್ರೂ ದೋಷಗಳಲ್ಲಿ ಹೆಚ್ಚು ಕಾಣಿಸುವುದು ಇದು. ಒಂದು ವಿಎಂ ಬಳಸಿದ ಸಾಧನವನ್ನು ಇನ್ನೊಂದಕ್ಕೆ ಕೊಡುವ ಮೊದಲು ಅದರ ಒಳಸ್ಥಿತಿ ಅಳಿಸಿಹೋಗಬೇಕು. ಲಿಬ್‌ವರ್ಟ್ ಇದಕ್ಕೆ ಮೂರು ದಾರಿ ನೋಡುತ್ತದೆ: ಆ ಫಂಕ್ಷನ್ ಒಂದನ್ನೇ ರೀಸೆಟ್ ಮಾಡುವ ಎಫ್‌ಎಲ್‌ಆರ್, ವಿದ್ಯುತ್ ಸ್ಥಿತಿ ಬದಲಿಸಿ ಮಾಡುವ ಪಿಎಂ ರೀಸೆಟ್, ಇಡೀ ಬಸ್ಸಿನ ರೀಸೆಟ್. ಯಾವುದೂ ಆಗದಿದ್ದರೆ ‘ಅನ್‌ಏಬಲ್ ಟು ರೀಸೆಟ್ ಪಿಸಿಐ ಡಿವೈಸ್’ ಎಂದು ಹೇಳಿ ಕೈಚೆಲ್ಲುತ್ತದೆ.

ಸಂದೇಶದ ಉಳಿದ ಭಾಗ ಓದುವುದು ಮುಖ್ಯ. ‘ನೋ ಎಫ್‌ಎಲ್‌ಆರ್, ಪಿಎಂ ರೀಸೆಟ್ ಆರ್ ಬಸ್ ರೀಸೆಟ್ ಅವೈಲಬಲ್’ ಅಂದರೆ ಆ ಚಿಪ್‌ಗೆ ಆ ಸಾಮರ್ಥ್ಯವೇ ಇಲ್ಲ. ಅದರ ಬದಲು ಹೀಗೆ ಬಂದರೆ ಕಥೆ ಬೇರೆ:

ಆ್ಯಕ್ಟಿವ್ 0000:07:00.0 ಡಿವೈಸಸ್ ಆನ್ ಬಸ್ ವಿತ್ 0000:07:00.3, ನಾಟ್ ಡೂಯಿಂಗ್ ಬಸ್ ರೀಸೆಟ್

ಎಎಂಡಿ ರೈಜನ್ ಲ್ಯಾಪ್‌ಟಾಪ್‌ಗಳಲ್ಲಿ ಇಂಥದ್ದು ಕಾಣಸಿಗುತ್ತದೆ. 07:00.3 ಯುಎಸ್‌ಬಿ ಕಂಟ್ರೋಲರ್, 07:00.0 ಗ್ರಾಫಿಕ್ಸ್, ಎರಡೂ ಒಂದೇ ಬಸ್ಸಿನ ಮೇಲೆ. ಬಸ್ ರೀಸೆಟ್ ಮಾಡಿದರೆ ಪರದೆಯೂ ಸಾಯುತ್ತದೆ, ಆದ್ದರಿಂದ ಲಿಬ್‌ವರ್ಟ್ ನಿರಾಕರಿಸುತ್ತಿರುವುದು ನ್ಯಾಯವೇ. ಸಾಮರ್ಥ್ಯವನ್ನು ನೀವೇ ನೋಡಬೇಕೆಂದರೆ ಡಾಮ್0ದಲ್ಲಿ ಸುಡೋ ಸಹಿತ ‘ಎಲ್‌ಎಸ್‌ಪಿಸಿಐ -ವಿವಿ -ಎಸ್ 07:00.3’ ಕೊಡಿ. ‘ಎಫ್‌ಎಲ್‌ರೀಸೆಟ್’ ಪಕ್ಕದಲ್ಲಿ ಕೂಡಿಸು ಚಿಹ್ನೆ ಇದ್ದರೆ ಎಫ್‌ಎಲ್‌ಆರ್ ಇದೆ, ಕಳೆ ಚಿಹ್ನೆ ಇದ್ದರೆ ಇಲ್ಲ. ‘ನೋಸಾಫ್ಟ್‌ರಸ್ಟ್’ ಮಾತ್ರ ತಿರುವುಮುರುವು: ಅದರ ಮುಂದೆ ಕಳೆ ಚಿಹ್ನೆ ಇದ್ದರೆ ಪಿಎಂ ರೀಸೆಟ್ ಸಾಧ್ಯ. ಚಿಪ್ ‘ಇದೆ’ ಎಂದದ್ದನ್ನೆಲ್ಲ ನಂಬಲೂ ಆಗದು. ರೈಜನ್ 3000 ಸಾಲಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಯುಎಸ್‌ಬಿ 3.0 ಕಂಟ್ರೋಲರ್ ಎಫ್‌ಎಲ್‌ಆರ್ ಇದೆ ಎನ್ನುತ್ತದೆ, ಮಾಡಿಸಿದರೆ ಸ್ತಬ್ಧವಾಗುತ್ತದೆ. ಅದಕ್ಕೇ ಲಿನಕ್ಸ್ ಕರ್ನಲ್ ಅದರಲ್ಲಿ ಎಫ್‌ಎಲ್‌ಆರ್ ಬಳಸದಂತೆ ವಿನಾಯಿತಿ ಪಟ್ಟಿಗೆ ಸೇರಿಸಿಕೊಂಡಿದೆ.

ಈ ಎರಡು ಸಂದೇಶಗಳಿಗೆ ಮಾತ್ರ ನೋ-ಸ್ಟ್ರಿಕ್ಟ್-ರೀಸೆಟ್ ಮದ್ದು. ವಿಎಂ ನಿಂತಿರುವಾಗ, ಮೊದಲು ಬಿಚ್ಚಿ, ಮತ್ತೆ ಕಟ್ಟಬೇಕು. ಕಟ್ಟಿದ್ದರ ಮೇಲೆ ಆಯ್ಕೆ ಬದಲಾಗುವುದಿಲ್ಲ:

ಕ್ಯೂವಿಎಂ-ಪಿಸಿಐ ಡಿಟ್ಯಾಚ್ ಸಿಸ್-ಯುಎಸ್‌ಬಿ ಡಾಮ್0:07_00.3
ಕ್ಯೂವಿಎಂ-ಪಿಸಿಐ ಅಟ್ಯಾಚ್ --ಪರ್ಸಿಸ್ಟೆಂಟ್ --ಆಪ್ಷನ್ ನೋ-ಸ್ಟ್ರಿಕ್ಟ್-ರೀಸೆಟ್=ಟ್ರೂ ಸಿಸ್-ಯುಎಸ್‌ಬಿ ಡಾಮ್0:07_00.3

ಇದರಿಂದ ಕಳೆದುಕೊಳ್ಳುವುದೇನು? ರೀಸೆಟ್ ಆಗದ ಸಾಧನ ಹಿಂದಿನ ವಿಎಂ ಬಿಟ್ಟುಹೋದ ಸ್ಥಿತಿಯನ್ನು ಹೊತ್ತುಕೊಂಡೇ ಮುಂದಿನದರ ಕೈಗೆ ಹೋಗಬಹುದು. ಆ ಕಂಟ್ರೋಲರ್ ಸದಾ ಸಿಸ್-ಯುಎಸ್‌ಬಿಗೇ ಮೀಸಲಾಗಿದ್ದರೆ ಅಪಾಯ ಚಿಕ್ಕದು. ಇವತ್ತು ಸಿಸ್-ಯುಎಸ್‌ಬಿ, ನಾಳೆ ವಿಂಡೋಸ್ ವಿಎಂ, ನಾಡಿದ್ದು ಡಾಮ್0 ಎಂದು ಕೈ ಬದಲಿಸುತ್ತಿದ್ದರೆ ಮಾತ್ರ ಈ ಆಯ್ಕೆ ಹಾಕಬಾರದು. ಸಿಸ್-ಯುಎಸ್‌ಬಿ ನಿಲ್ಲಿಸಿದ ಮೇಲೂ ಕಂಟ್ರೋಲರ್ ಡಾಮ್0ಗೆ ತಾನಾಗಿ ಮರಳದೆ ಪಿಸಿಐಬ್ಯಾಕ್ ಹಿಡಿತದಲ್ಲೇ ಉಳಿಯುವುದು ಇದೇ ಎಚ್ಚರಿಕೆಗಾಗಿ.

ಪರ್ಮಿಸಿವ್ ಯಾವಾಗ?

ವಿಎಂ ಒಳಗಿನ ಡ್ರೈವರ್ ಪಿಸಿಐ ಕಾನ್ಫಿಗ್ ಜಾಗದಲ್ಲಿ ಬರೆಯಲು ಹೋದಾಗ ಪಿಸಿಐಬ್ಯಾಕ್ ತನಗೆ ಗೊತ್ತಿರುವ, ಅಪಾಯವಿಲ್ಲದ ಜಾಗಗಳಿಗೆ ಮಾತ್ರ ಬಿಡುತ್ತದೆ. ಬೇರೆಡೆ ಬರೆಯಲು ಹೋದರೆ ಡಾಮ್0ದ ‘ಡಿಎಂಇಎಸ್‌ಜಿ’ಯಲ್ಲಿ ‘ಡ್ರೈವರ್ ಟ್ರೈಡ್ ಟು ರೈಟ್ ಟು ಎ ರೀಡ್-ಓನ್ಲಿ ಕಾನ್ಫಿಗರೇಷನ್ ಸ್ಪೇಸ್ ಫೀಲ್ಡ್’ ಎಂಬ ಉದ್ದ ಸಾಲು ಬೀಳುತ್ತದೆ. ಈ ಸಾಲು ಕಂಡ ಮಾತ್ರಕ್ಕೆ ಗಾಬರಿ ಬೇಡ. ಚೆನ್ನಾಗಿ ಓಡುತ್ತಿರುವ ಯಂತ್ರಗಳಲ್ಲೂ ಬರುತ್ತದೆ, ಅದು ನಿರುಪದ್ರವಿಯಾಗಿರಬಹುದು ಎಂದು ಸಂದೇಶವೇ ಹೇಳುತ್ತದೆ. ಈ ಸಾಲೂ ಇದೆ, ವಿಎಂ ಒಳಗೆ ಡ್ರೈವರ್ ಕಂಟ್ರೋಲರನ್ನು ಎಬ್ಬಿಸಲೂ ಸೋಲುತ್ತಿದೆ, ಎರಡೂ ಒಟ್ಟಿಗೆ ಕಂಡರೆ ಮಾತ್ರ ಪರ್ಮಿಸಿವ್=ಟ್ರೂ ಹಾಕಿ ನೋಡಿ. ಸರಿಹೋಗದಿದ್ದರೆ ಕೂಡಲೇ ತೆಗೆದುಹಾಕಿ, ಇರಲಿ ಬಿಡು ಅಂತ ಬಿಡಬೇಡಿ.

ಹಳೆಯ ಇಎಚ್‌ಸಿಐ ಮತ್ತು ಆರ್‌ಎಂಆರ್‌ಆರ್

‘ಎಕ್ಸ್‌ಎಲ್ ಡಿಎಂಇಎಸ್‌ಜಿ’ಯಲ್ಲಿ 00:1ಎ.0 ಅಥವಾ 00:1ಡಿ.0 ಹೆಸರಿನೊಂದಿಗೆ ‘ಡಿಸ್‌ಅಲೌಡ್ ಟು ಅಸೈನ್ … ವಿತ್ ಶೇರ್ಡ್ ಆರ್‌ಎಂಆರ್‌ಆರ್’ ಎಂದು ಬಂದರೆ ಮೇಲಿನ ಎರಡು ಆಯ್ಕೆಗಳೂ ನಿರುಪಯೋಗಿ. ಬಯಾಸ್ ತನ್ನ ಯುಎಸ್‌ಬಿ ಕೀಬೋರ್ಡ್ ಬೆಂಬಲಕ್ಕೆ ಮೆಮೊರಿಯಲ್ಲಿ ಒಂದು ತುಂಡು ಮೀಸಲಿಟ್ಟು, ಅದನ್ನು ಎರಡು ಕಂಟ್ರೋಲರ್‌ಗಳಿಗೂ ಹಂಚಿದೆ ಎಂದರ್ಥ. ಹಂಚಿಕೊಂಡ ತುಂಡಿರುವ ಸಾಧನಗಳಲ್ಲಿ ಒಂದನ್ನು ವಿಎಂಗೆ ಕೊಡಲು ಝೆನ್ ಒಪ್ಪುವುದಿಲ್ಲ. ಬಯಾಸ್‌ನಲ್ಲಿ ‘ಲೆಗಸಿ ಯುಎಸ್‌ಬಿ ಸಪೋರ್ಟ್’ ಆಫ್ ಮಾಡಿ ನೋಡಿ, ಆದರೆ ಗ್ರಬ್‌ನಲ್ಲಿ ಯುಎಸ್‌ಬಿ ಕೀಬೋರ್ಡ್ ಓಡುವುದೂ ಅದರಿಂದಲೇ ಎಂಬುದು ನೆನಪಿರಲಿ. ಆಫ್ ಮಾಡುವ ಮುಂಚೆ ಬೇರೆ ಕೀಬೋರ್ಡ್ ಕೈಯಲ್ಲಿರಬೇಕು.

ವಿಎಂ ಹುಟ್ಟುತ್ತದೆ, ಏಳುವುದಿಲ್ಲ

ಪಿಸಿಐ ಸಾಧನ ಇರುವ ವಿಎಂಗೆ ಕೆಲವು ಕಟ್ಟುಪಾಡುಗಳಿವೆ. ‘ವರ್ಟ್_ಮೋಡ್’ (ವಿಎಂ ಓಡುವ ಬಗೆ) ಎಚ್‌ವಿಎಂ ಆಗಿರಬೇಕು. ಪಿವಿಎಚ್ ಇದ್ದರೆ ಪಿಸಿಐ ಜೋಡಿಸಲಾಗದೆಂದು ನೇರವಾಗಿ ಹೇಳುತ್ತದೆ. ಮೆಮೊರಿ ಸ್ಥಿರವಾಗಿರಬೇಕು, ಹಿಗ್ಗಿ ಕುಗ್ಗಬಾರದು, ಏಕೆಂದರೆ ಸಾಧನ ಡಿಎಂಎ ಮೂಲಕ ನೇರವಾಗಿ ಬರೆಯುವ ಪುಟ ಆಗಲೇ ಅಲ್ಲಿರಬೇಕು. ಲಿಬ್‌ಎಕ್ಸ್‌ಎಲ್ ಲಾಗ್‌ನಲ್ಲಿ ‘ಪಿಓಡಿ ಎನೇಬಲ್ಡ್’ (ಮೆಮೊರಿಯನ್ನು ಬೇಕಾದಾಗಷ್ಟೇ ತುಂಬುವ ಕ್ರಮ ಚಾಲೂ) ಎಂದು ಕಂಡರೆ ಕಾರಣ ಇದೇ:

ಕ್ಯೂವಿಎಂ-ಪ್ರೆಫ್ಸ್ ಸಿಸ್-ಯುಎಸ್‌ಬಿ ಮ್ಯಾಕ್ಸ್‌ಮೆಮ್ 0
ಕ್ಯೂವಿಎಂ-ಪ್ರೆಫ್ಸ್ ಸಿಸ್-ಯುಎಸ್‌ಬಿ ಮೆಮೊರಿ 600

ಎರಡನೆಯ ಸಾಲು 60 ಸೆಕೆಂಡಿನ ಕ್ಯೂಆರ್‌ಎಕ್ಸೆಕ್ ದೋಷಕ್ಕೂ ಮೊದಲ ಪರೀಕ್ಷೆ. 300 ಎಂಬಿಯಲ್ಲಿ ಓಡುತ್ತಿದ್ದ ಸಿಸ್-ಯುಎಸ್‌ಬಿ, ಅದರ ಟೆಂಪ್ಲೇಟ್ (ವಿಎಂ ತನ್ನ ತಂತ್ರಾಂಶ ಪಡೆಯುವ ಮೂಲ ಅಚ್ಚು) ಹೊಸದಾದ ಮೇಲೆ ಉಸಿರುಗಟ್ಟಿ ಬೀಳುವುದುಂಟು. 600ಕ್ಕೆ ಎದ್ದರೆ, ನಿಧಾನಕ್ಕೆ ಇಳಿಸುತ್ತಾ ಬನ್ನಿ. ಏಳದಿದ್ದರೆ ಎಲ್ಲ ಕಂಟ್ರೋಲರ್‌ಗಳನ್ನೂ ಬಿಚ್ಚಿ ಖಾಲಿ ಸಿಸ್-ಯುಎಸ್‌ಬಿ ಎಬ್ಬಿಸಿ. ಖಾಲಿಯೂ ಏಳದಿದ್ದರೆ ದೋಷ ಟೆಂಪ್ಲೇಟ್‌ನದು, ಪಾಸ್‌ಥ್ರೂನದಲ್ಲ. ಖಾಲಿ ಎದ್ದರೆ ಒಂದೊಂದೇ ಕಂಟ್ರೋಲರ್ ಸೇರಿಸಿ. ಯಾವುದನ್ನು ಸೇರಿಸಿದಾಗ ಬೀಳುತ್ತದೋ ಅದೇ ಕಳ್ಳ. ಆಮೇಲೆ ‘ಕರ್ನಲ್’ ಪ್ರೆಫ್ ಬದಲಿಸಿ ಹಿಂದಿನ ಆವೃತ್ತಿಯ ಕರ್ನಲ್‌ನಲ್ಲೂ ನೋಡಿ.

ಸಿಸ್-ಯುಎಸ್‌ಬಿ ಡಿಸ್ಪೋಸಬಲ್ ಆಗಿದ್ದರೆ ಅದು ನಿಂತ ಕೂಡಲೇ ಒಳಗಿನ ಲಾಗ್‌ಗಳೆಲ್ಲ ಅಳಿಸಿಹೋಗುತ್ತವೆ. ಓಡುತ್ತಿರುವಾಗಲೇ ‘ಕ್ಯೂವಿಎಂ-ಕನ್ಸೋಲ್-ಡಿಸ್ಪ್‌ವಿಎಂ ಸಿಸ್-ಯುಎಸ್‌ಬಿ’ ಮೂಲಕ ಒಳಹೊಕ್ಕು ನೋಡಬೇಕು. ಒಳಗೆ ಮಾಡಿದ ತಿದ್ದುಪಡಿ ಉಳಿಯಬೇಕಾದರೆ ಅದನ್ನು ಡಿಸ್ಪೋಸಬಲ್ ಟೆಂಪ್ಲೇಟ್‌ನಲ್ಲೇ ಮಾಡಬೇಕು.

ಎದ್ದಿದೆ, ಆದರೂ ಸಾಧನ ಸಿಗುತ್ತಿಲ್ಲ

ಸಿಸ್-ಯುಎಸ್‌ಬಿ ಒಳಗೆ ‘ಎಲ್‌ಎಸ್‌ಯುಎಸ್‌ಬಿ’ ತೋರಿಸುತ್ತದೆ, ಡಾಮ್0ದ ‘ಕ್ಯೂವಿಎಂ-ಯುಎಸ್‌ಬಿ’ ಪಟ್ಟಿಯಲ್ಲಿ ಇಲ್ಲ ಎಂದರೆ ಪಾಸ್‌ಥ್ರೂ ಚೆನ್ನಾಗಿಯೇ ಇದೆ. ಟೆಂಪ್ಲೇಟ್‌ನಲ್ಲಿ ‘ಕ್ಯೂಬ್ಸ್-ಯುಎಸ್‌ಬಿ-ಪ್ರಾಕ್ಸಿ’ ಪ್ಯಾಕೇಜ್ ಇಲ್ಲ. ಮಿನಿಮಲ್ ಟೆಂಪ್ಲೇಟ್ ಬಳಸುವವರಿಗೆ ಇದು ಮಾಮೂಲಿ. ಸಾಧನ ಪಡೆಯುವ ವಿಎಂನಲ್ಲೂ ಅದೇ ಪ್ಯಾಕೇಜ್ ಬೇಕು. ಕೀಬೋರ್ಡ್, ಮೌಸ್‌ಗಳಿಗೆ ಸಿಸ್-ಯುಎಸ್‌ಬಿ ಕಡೆ ‘ಕ್ಯೂಬ್ಸ್-ಇನ್‌ಪುಟ್-ಪ್ರಾಕ್ಸಿ-ಸೆಂಡರ್’ ಇರಬೇಕು, ಡಾಮ್0 ಪಾಲಿಸಿಯೂ ಒಪ್ಪಿರಬೇಕು. ಪಾಲಿಸಿ ‘ಆಸ್ಕ್’ ಆಗಿದ್ದರೆ ಅನುಮತಿ ಕೇಳುವ ಕಿಟಕಿ ಬರುತ್ತದೆ. ಇರುವ ಒಂದೇ ಮೌಸ್‌ಗೆ ಅನುಮತಿ ಕೊಡಲು ಆ ಮೌಸ್‌ನಿಂದಲೇ ಒತ್ತಬೇಕಾದ ಪೇಚಿಗೆ ಸಿಕ್ಕದಂತೆ ನೋಡಿಕೊಳ್ಳಿ.

ಯುಎಸ್‌ಬಿ ಕೀಬೋರ್ಡನ್ನೇ ನೆಚ್ಚಿದವರು ಕೈಯಿಂದ ಎಲ್ಲ ತಿದ್ದುವ ಬದಲು ‘ಸುಡೋ ಕ್ಯೂಬ್ಸ್‌ಸಿಟಿಎಲ್ ಸ್ಟೇಟ್.ಎಸ್‌ಎಲ್‌ಎಸ್ ಕ್ಯೂವಿಎಂ.ಯುಎಸ್‌ಬಿ-ಕೀಬೋರ್ಡ್’ ಓಡಿಸುವುದು ವಾಸಿ. ಬೂಟ್ ಹೊತ್ತಿನಲ್ಲಿ ಕೀಬೋರ್ಡ್ ಡಾಮ್0ಗೆ ಕಾಣುವಂತೆ ಮಾಡುವುದನ್ನೂ ಅದೇ ನೋಡಿಕೊಳ್ಳುತ್ತದೆ.

ವೆಬ್‌ಕ್ಯಾಮ್, ಆಡಿಯೊ ಇಂಟರ್‌ಫೇಸ್ ತೊದಲುತ್ತಿದ್ದರೆ ಅದು ಪ್ರಾಕ್ಸಿಯ ಮಿತಿ. ಅದರ ಒಳಗಿರುವುದು ಯುಎಸ್‌ಬಿಐಪಿ, ಅಂದರೆ ಯುಎಸ್‌ಬಿ ದತ್ತಾಂಶವನ್ನು ಜಾಲದ ಮೂಲಕ ಸಾಗಿಸಲೆಂದು ಮಾಡಿದ ವಿಧಾನ. ಸಮಯಕ್ಕೆ ಸರಿಯಾಗಿ ಹರಿಯಬೇಕಾದ ದತ್ತಾಂಶ ಅದಕ್ಕೆ ಭಾರ. ಅಂಥವಕ್ಕೆ ಪ್ರತ್ಯೇಕ ಪಿಸಿಐಇ ಯುಎಸ್‌ಬಿ ಕಾರ್ಡ್ ಹಾಕಿ, ಆ ಕಾರ್ಡನ್ನೇ ಬೇಕಾದ ವಿಎಂಗೆ ಕೊಡುವುದು ಸರಿಯಾದ ದಾರಿ. ಕಾರ್ಡ್ ತನ್ನದೇ ಬಸ್ಸಿನಲ್ಲಿ ಒಂಟಿಯಾಗಿರುವುದರಿಂದ ರೀಸೆಟ್ ಜಗಳವೂ ಕಡಿಮೆ.

ನಿದ್ರೆಯಿಂದ ಎದ್ದಮೇಲೆ

ಸಸ್ಪೆಂಡ್ ಆಗಿ ಎದ್ದ ಮೇಲೆ ಸಿಸ್-ಯುಎಸ್‌ಬಿ ಓಡುತ್ತಿದೆ, ಪೋರ್ಟ್‌ಗಳೆಲ್ಲ ನಿರ್ಜೀವ. ವಿಎಂ ಒಳಗಿನ ‘ಡಿಎಂಇಎಸ್‌ಜಿ’ಯಲ್ಲಿ ‘ಎಚ್‌ಸಿ ಡೈಡ್’ ಕಾಣುತ್ತದೆ. ವಿಎಂ ರೀಸ್ಟಾರ್ಟ್ ಮಾಡುವ ಮೊದಲು, ಒಳಗೇ ರೂಟ್ ಆಗಿ ಡ್ರೈವರ್ ಬಿಡಿಸಿ ಮತ್ತೆ ಕಟ್ಟಿ ನೋಡಿ. ಇಲ್ಲಿ ಬೇಕಾದದ್ದು ವಿಎಂ ಒಳಗಿನ ವಿಳಾಸ:

ಎಕೋ 0000:00:07.0 > /ಸಿಸ್/ಬಸ್/ಪಿಸಿಐ/ಡ್ರೈವರ್ಸ್/ಎಕ್ಸ್‌ಎಚ್‌ಸಿಐ_ಎಚ್‌ಸಿಡಿ/ಅನ್‌ಬೈಂಡ್
ಎಕೋ 0000:00:07.0 > /ಸಿಸ್/ಬಸ್/ಪಿಸಿಐ/ಡ್ರೈವರ್ಸ್/ಎಕ್ಸ್‌ಎಚ್‌ಸಿಐ_ಎಚ್‌ಸಿಡಿ/ಬೈಂಡ್

ಇದರಿಂದ ಪೋರ್ಟ್ ಜೀವ ಪಡೆದರೆ ದೋಷ ಡ್ರೈವರ್ ಎಚ್ಚರಗೊಳ್ಳುವ ವಿಧಾನದ್ದು. ಹೊಸ ಕರ್ನಲ್ ಹಾಕಿ ನೋಡುವುದು ಮುಂದಿನ ಹೆಜ್ಜೆ. ಪಡೆಯದೆ, ಇಡೀ ಯಂತ್ರ ರೀಬೂಟ್ ಮಾಡಿದರೆ ಮಾತ್ರ ಬರುತ್ತಿದ್ದರೆ ಮತ್ತೆ ರೀಸೆಟ್ ಪ್ರಶ್ನೆಗೇ ಬಂದು ನಿಂತಂತಾಯಿತು: ನೋ-ಸ್ಟ್ರಿಕ್ಟ್-ರೀಸೆಟ್ ಹಾಕಿದ ಕಂಟ್ರೋಲರ್ ಆಗಿದ್ದರೆ ಅದನ್ನು ಶುದ್ಧ ಸ್ಥಿತಿಗೆ ತರಲು ವಿದ್ಯುತ್ ಕಡಿತವೊಂದೇ ದಾರಿ, ಲ್ಯಾಪ್‌ಟಾಪ್ ಆದರೆ ರೀಬೂಟ್ ಸಾಲದೆ ಪೂರ್ತಿ ಆಫ್ ಮಾಡಿ ಚಾರ್ಜರ್ ಕಿತ್ತು ಮತ್ತೆ ಆನ್ ಮಾಡಬೇಕಾಗಬಹುದು.